ನೊಂದವರೇ ಆಸರೆಯಾದಾಗ

ಮಾರ್ಚ್ 8 ಸಂತ ಜಾನ್ ಆಫ್ ಗಾಡ್‌ರವರ ಹಬ್ಬ. ಹದಿನಾರನೇ ಶತಮಾನದಲ್ಲಿ ಸ್ಪೇನಿನ ಗ್ರಾನಡಾದಲ್ಲಿ ಇವರನ್ನು ಹುಚ್ಚರೆಂದು ಆಸ್ಪತ್ರೆಯಲ್ಲಿ ಕೂಡಿಹಾಕಿ ಚಾಟಿಯಿಂದ ಹೊಡೆದರು. ಅಂದಿನ ಚಿಕಿತ್ಸೆಯೇ ಅದು. ಹೊರಬಂದ ಮೇಲೆ ಅದೇ ಊರಿನಲ್ಲಿ ದಿಕ್ಕಿಲ್ಲದ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು.

ಇಂದಿನ ‘ಪಿಯರ್ ಸಪೋರ್ಟರ್’ಗಳ ಸೇವೆಯೂ ಇಂಥದ್ದೇ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ತರಬೇತಿ ಪಡೆದು, ಆಸ್ಪತ್ರೆಯಿಂದ ಮನೆಗೆ ಮರಳುವವರ ಜೊತೆಗಿರುತ್ತಾರೆ. ಅವರು ವೈದ್ಯರಲ್ಲ, ಔಷಧಿ ಬದಲಿಸುವುದಿಲ್ಲ. ತಾಳ್ಮೆಯಿಂದ ಕೇಳುತ್ತಾರೆ, ಮುಂದಿನ ತಪಾಸಣೆಗೆ ಜೊತೆಯಾಗುತ್ತಾರೆ, “ನಾನೂ ಇದನ್ನು ದಾಟಿ ಬಂದಿದ್ದೇನೆ” ಎನ್ನುತ್ತಾರೆ. ಬಿಡುಗಡೆಯ ನಂತರದ ಮೊದಲ ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು. ಆಗ ಈ ಮಾತೇ ಊರುಗೋಲು.

ಅಂಥವರು ನಮ್ಮ ಧರ್ಮಕೇಂದ್ರಕ್ಕೆ ಮರಳಿದಾಗ ನಾವು ಪಿಸುಗುಟ್ಟುತ್ತೇವೆಯೋ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆಯೋ? ಎಮ್ಮಾವಿನ ದಾರಿಯಲ್ಲಿ ಯೇಸುಸ್ವಾಮಿ ಮೊದಲು ಜೊತೆಯಲ್ಲಿ ನಡೆದರು, ಅವರ ದುಃಖ ಕೇಳಿದರು. ನಾವೂ ಹಾಗೆಯೇ ನಡೆಯೋಣ.