ಆನರ್ಸ್ ಸೇರಬೇಕೆ?

'ಆನರ್ಸ್' ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ಒಂದೇ ವಿಷಯವನ್ನು ಆಳವಾಗಿ ಓದಬಯಸುವವರಿಗೆಂದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹಿಂದೆ ಬಿ.ಎ. ಆನರ್ಸ್ ತರಗತಿಗಳಿದ್ದುವು. ಎ. ಕೆ. ರಾಮಾನುಜನ್ ಅವರು 1949ರಲ್ಲಿ ಆನರ್ಸ್ ಮುಗಿಸಿ ಮರುವರ್ಷವೇ ಎಂ.ಎ. ಪದವಿ ಪಡೆದುದು ಅಲ್ಲಿಯೇ. ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ 2021–22ರಲ್ಲಿ ಈ ಹೆಸರು ನಾಲ್ಕು ವರ್ಷದ ಪದವಿಯಾಗಿ ನಮ್ಮ ಕಾಲೇಜುಗಳಿಗೆ ಮರಳಿತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಮೂರು ವರ್ಷದ ಪದವಿಯನ್ನೇ ಮತ್ತೆ ಜಾರಿಗೆ ತಂದಿತಾದರೂ, ಮೊದಲೇ ಸೇರಿದ್ದ ತಂಡಗಳಿಗೆ ನಾಲ್ಕನೆಯ ವರ್ಷದ ಆಯ್ಕೆಯನ್ನು ಉಳಿಸಿತು. ಅಂಥ ಕೊನೆಯ ತಂಡದವನು ನಾನು. ಆದುದರಿಂದ ಈ ಪ್ರಶ್ನೆಯನ್ನು ಕೂಲಂಕಷವಾಗಿ ವಿಚಾರಿಸಬೇಕಾಯಿತು.

ಮೊದಲು ನಿಯಮಗಳನ್ನು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು, ಆನರ್ಸಿಗೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡ 75 ಅಂಕ ಗಳಿಸಿದವರು ಸಂಶೋಧನಾ ಆನರ್ಸನ್ನು ಆಯ್ದುಕೊಳ್ಳಬಹುದು. ಅವರು 12 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧವನ್ನು ಬರೆಯಬೇಕು.

ಇನ್ನು ವರ್ಷಗಳ ಲೆಕ್ಕ. ಮೂರು ವರ್ಷದ ಪದವೀಧರನಿಗೆ ಎಂ.ಎ. ಎರಡು ವರ್ಷ, ಆಯೋಗದ ಚೌಕಟ್ಟಿನಲ್ಲಿ ಆನರ್ಸ್ ಪದವೀಧರನಿಗೆ ಒಂದೇ ವರ್ಷ. ಎರಡು ದಾರಿಯಲ್ಲೂ ಒಟ್ಟು ಐದೇ ವರ್ಷ! ಆದರೆ ತಾನು ಹೋಗಬೇಕೆಂದಿರುವ ವಿಶ್ವವಿದ್ಯಾನಿಲಯದಲ್ಲಿ, ತನ್ನ ವಿಷಯದಲ್ಲಿ, ಆ ಒಂದು ವರ್ಷದ ತರಗತಿ ತೆರೆದಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಇಲ್ಲವಾದರೆ ಐದು ಆರಾಗುವುದು. ಕೆ.ಎ.ಎಸ್. ಮೊದಲಾದ ಪರೀಕ್ಷೆಗಳನ್ನು ಬರೆಯುವವರಿಗೆ ಮೂರು ವರ್ಷದ ಪದವಿಯೇ ಸಾಕು.

ನನಗೆ ಇತಿಹಾಸ ಪ್ರಿಯವಾದ ವಿಷಯ. ಅಂಕಗಳೂ 75ನ್ನು ದಾಟಿದ್ದುವು. ನಮ್ಮ ಅಧ್ಯಾಪಕರಿಗೆ ನಾನು ಪ್ರಬಂಧ ಬರೆಯಬೇಕೆಂಬ ಆಸೆ. ಆದರೆ ನನ್ನ ಗುರಿ ಪ್ರೌಢಶಾಲೆಯ ಉಪಾಧ್ಯಾಯನಾಗುವುದು. ಅದಕ್ಕೆ ಮೂರು ವರ್ಷದ ಪದವಿ, ಅದರ ಮೇಲೆ ಎರಡು ವರ್ಷದ ಬಿ.ಎಡ್. ಸಾಕು. ಮನೆಯಲ್ಲಿರುವುದು ಎರಡು ಎಕರೆ ಮಳೆಯಾಧಾರದ ಹೊಲ, ತಂಗಿ ಪಿ.ಯು.ಸಿ. ಮುಗಿಸಿ ಕಾಲೇಜಿನ ಬಾಗಿಲಲ್ಲಿ ನಿಂತಿದ್ದಾಳೆ. ನನಗೆ ತಗಲುವ ಇನ್ನೊಂದು ವರ್ಷದ ಖರ್ಚು ಅವಳ ಮೊದಲನೆಯ ವರ್ಷದಿಂದಲೇ ಬರಬೇಕು. ನಾನು ಆನರ್ಸ್ ಸೇರಲಿಲ್ಲ.

ನನ್ನ ಮಿತ್ರನೊಬ್ಬನು ಸೇರಿದನು. ಅವನಿಗೆ ಪಿಎಚ್.ಡಿ. ಮಾಡುವ ಹಂಬಲ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75 ಪಡೆದವರು ನೇರವಾಗಿ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರೆಂದು ಆಯೋಗದ 2022ರ ನಿಯಮವಿದೆ. ಮನೆಯವರೂ ಒಂದು ವರ್ಷ ಕಾಯಬಲ್ಲರು. ಅವನ ಪಾಲಿಗೆ ಅದೇ ಸರಿಯಾದ ದಾರಿ.

ದೆಹಲಿ ವಿಶ್ವವಿದ್ಯಾನಿಲಯದಂತಹ ಕಡೆಗಳಲ್ಲಿ 2022ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಅಂಥಲ್ಲಿಗೆ ಹೋಗುವ ಕಿರಿಯ ಮಿತ್ರರಿಗೆ ಈ ಪ್ರಶ್ನೆ ಎದುರಾಗದಿರದು. ಅವರು ತಮ್ಮನ್ನು ಮೂರು ಮಾತು ಕೇಳಿಕೊಳ್ಳಲಿ: ನಾನು ಮುಟ್ಟಬೇಕಾದ ಊರಿಗೆ ಈ ದಾರಿ ಹೋಗುವುದೇ? ಒಂದೇ ವಿಷಯದೊಡನೆ ಒಂದು ವರ್ಷ ಬೇಸರವಿಲ್ಲದೆ ಬಾಳಬಲ್ಲೆನೇ? ಆ ವರ್ಷದ ಅನ್ನ ಯಾರ ತಟ್ಟೆಯಿಂದ ಬರುವುದು? ಮೂರಕ್ಕೂ ಸಮಾಧಾನದ ಉತ್ತರ ದೊರೆತರೆ ಧೈರ್ಯವಾಗಿ ಸೇರಬಹುದು. ದೊರೆಯದಿದ್ದರೆ ನೊಂದುಕೊಳ್ಳಬೇಕಾಗಿಲ್ಲ, ಇತಿಹಾಸದ ಪುಸ್ತಕಗಳು ಗ್ರಂಥಾಲಯದಲ್ಲಿ ನನಗೂ ದೊರೆಯುತ್ತವೆ.