ಕಿಸೆಯೊಳಗಿನ ಚಕಮಕಿ

ಬೇಕೆಂದಾಗ ಬೆಂಕಿ ಕೈಗೆ ಸಿಗಬೇಕು, ಬೇಡವೆಂದಾಗ ಅದು ಕಿಸೆಯಲ್ಲಿ ಸುಮ್ಮನೆ ಮಲಗಿರಬೇಕು. ಮನುಷ್ಯನ ಈ ಆಸೆ ಬಹು ಹಳೆಯದು. ಯಾಗಶಾಲೆಯಲ್ಲಿ ಅರಣಿಯನ್ನು ಕಡೆದು ಅಗ್ನಿಯನ್ನು ಪಡೆಯುವುದನ್ನು ಕಂಡವರು, ಬೆಂಕಿ ಹುಟ್ಟಿಸುವುದು ಎಷ್ಟು ಬೆವರಿನ ಕೆಲಸವೆಂಬುದನ್ನು ಬಲ್ಲರು. ನಮ್ಮ ಹಳ್ಳಿಗಳ ಹಿರಿಯರು ಚಕಮಕಿ ಕಲ್ಲು, ಉಕ್ಕಿನ ತುಂಡು, ಒಂದಿಷ್ಟು ಒಣ ಅರಳೆ, ಈ ಮೂರನ್ನೂ ಸಂಚಿಯಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಮಳೆಗಾಲದಲ್ಲಿ ಅರಳೆ ತೇವಗೊಂಡಿತೆಂದರೆ ಬೀಡಿಯನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವುದೊಂದೇ ದಾರಿ.

ಆ ಸಂಚಿಯ ಮೂರು ವಸ್ತುಗಳೂ ಅಂಗೈ ಅಗಲದ ಒಂದು ಲೋಹದ ಡಬ್ಬಿಯೊಳಗೆ ಅಡಗಿದ ಕಥೆಯೇ ಸಿಗರೇಟ್ ಲೈಟರಿನ ಕಥೆ. ಡನ್‌ಹಿಲ್, ರಾನ್ಸನ್, ಜಿಪ್ಪೊ, ದ್ಯುಪಾಂ ಮೊದಲಾದ ಹೆಸರುಗಳನ್ನು ಹಳೆಯ ಲೈಟರುಗಳ ಸಂಗ್ರಾಹಕರು ದೇವರ ನಾಮದಂತೆ ಜಪಿಸುತ್ತಾರೆ. ಆದರೆ ಈ ಮಹನೀಯರೆಲ್ಲರೂ ಮಾಡಿದುದು ಡಬ್ಬಿಯನ್ನು. ಒಳಗಿನ ಕಿಡಿಯನ್ನು ಮಾಡಿದವನು ಬೇರೊಬ್ಬ. ಅವನ ಹೆಸರನ್ನು ಯಾವ ಲೈಟರಿನ ಮೈಮೇಲೂ ಕೊರೆದಿಲ್ಲ. ಧೂಮಪಾನ ದೇಹಕ್ಕೆ ಕೇಡೆಂಬುದು ಈಗ ವಾದಕ್ಕೆ ಉಳಿದಿರುವ ಸಂಗತಿಯಲ್ಲ; ಈ ಲೇಖನ ಆ ಚಟದ ಪರವಾದ ವಕಾಲತ್ತೂ ಅಲ್ಲ. ಚಟ ಹೋದರೂ ಲೈಟರಿನೊಳಗಿನ ಬುದ್ಧಿವಂತಿಕೆಯನ್ನು ಮೆಚ್ಚಲು ಅಡ್ಡಿಯೇನಿದೆ?

ಗಾಜಿನ ಭರಣಿಯ ಬೆಂಕಿ

ಲೈಟರಿನ ಮೂಲಪುರುಷ ಕಿಸೆಯಲ್ಲಿ ಹಿಡಿಸುವಂಥವನಾಗಿರಲಿಲ್ಲ. ಮೇಜಿನ ಮೇಲೆ ಕೂರುವ ಗಾಜಿನ ಭರಣಿಯಾಗಿದ್ದ. ಜರ್ಮನಿಯ ಯೇನಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಯೋಹಾನ್ ವೋಲ್ಫ್‌ಗಾಂಗ್ ಡ್ಯೋಬರೈನರ್ 1823ರಲ್ಲಿ ಅದನ್ನು ರಚಿಸಿದ. ಈತ ಕುದುರೆಗಾಡಿ ಹೊಡೆಯುವವನೊಬ್ಬನ ಮಗ. ಕ್ರಮವಾದ ಶಾಲಾ ಶಿಕ್ಷಣ ದೊರೆಯದೆ ಔಷಧದ ಅಂಗಡಿಯಲ್ಲಿ ಕೆಲಸ ಕಲಿತು ಮೇಲೆ ಬಂದವನು. ಮಹಾಕವಿ ಗಯಟೆ ಇವನಿಗೆ ಆಶ್ರಯದಾತನೂ ಮಿತ್ರನೂ ಆಗಿದ್ದ.

ಭರಣಿಯಲ್ಲಿ ನೀರು ಬೆರೆಸಿದ ಗಂಧಕಾಮ್ಲ. ಅದರೊಳಗೆ ಬೋರಲಾಗಿ ಇಳಿಬಿಟ್ಟ ಒಂದು ಗಾಜಿನ ಗಂಟೆ. ಗಂಟೆಯೊಳಗೆ ತೂಗುವ ಸತುವಿನ ತುಂಡು. ಆಮ್ಲ ಸತುವನ್ನು ಮುಟ್ಟಿದೊಡನೆ ಜಲಜನಕ ಅನಿಲ ಹುಟ್ಟುತ್ತದೆ. ತಿರುಪನ್ನು ತೆರೆದರೆ ಆ ಅನಿಲ ಹೊರಗೆ ಚಿಮ್ಮಿ, ಎದುರಿಗೆ ಇಟ್ಟಿರುವ ಪ್ಲಾಟಿನಮ್ಮಿನ ಸ್ಪಂಜಿಗೆ ತಾಗುತ್ತದೆ. ಪ್ಲಾಟಿನಂ ತಾನು ಸವೆಯದೆ ಅನಿಲವನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸಿ, ಆ ಶಾಖದಲ್ಲಿ ಕೆಂಪಗೆ ಕಾದು, ಅನಿಲಕ್ಕೆ ಬೆಂಕಿ ಹಚ್ಚುತ್ತದೆ. ತಿರುಪು ಮುಚ್ಚಿದರೆ ಗಂಟೆಯೊಳಗೆ ತುಂಬಿದ ಅನಿಲವೇ ಆಮ್ಲವನ್ನು ಕೆಳಕ್ಕೆ ತಳ್ಳಿ, ಸತುವನ್ನು ಬಿಡಿಸಿಕೊಂಡು ಸುಮ್ಮನಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಕಿಪ್ ಉಪಕರಣವನ್ನು ಬಳಸಿದವರಿಗೆ ಈ ಏರ್ಪಾಡು ಪರಿಚಿತವೇ. ಡ್ಯೋಬರೈನರ್ ಇದಕ್ಕೆ ಪೇಟೆಂಟು ಪಡೆಯಲಿಲ್ಲ. ಶತಮಾನದ ಕೊನೆಯ ದಶಕಗಳವರೆಗೂ ಸಹಸ್ರಾರು ಮನೆಗಳಲ್ಲಿ ಈ ದೀಪ ಇತ್ತು. ಆದರೆ ಆಮ್ಲವನ್ನು ಕಿಸೆಯಲ್ಲಿಟ್ಟುಕೊಂಡು ಸಂಜೆಯ ತಿರುಗಾಟಕ್ಕೆ ಹೊರಡುವವರಾರು?

ಕಿಸೆಯನ್ನು ಗೆದ್ದದ್ದು ಬೆಂಕಿಕಡ್ಡಿ. ಇಂಗ್ಲೆಂಡಿನ ಜಾನ್ ವಾಕರ್ 1826ರಲ್ಲಿ ಗೀರಿದರೆ ಹೊತ್ತುವ ಕಡ್ಡಿಯನ್ನು ಕಂಡುಹಿಡಿದ. ಬಳಿಕ ಅದಕ್ಕೆ ಬಿಳಿ ರಂಜಕ ಸೇರಿತು. ಕಡ್ಡಿ ಸುಲಭವಾಗಿ ಹೊತ್ತಿತೇನೋ ಸರಿ. ಅದನ್ನು ಮಾಡುವ ಹೆಣ್ಣುಮಕ್ಕಳ ದವಡೆಯ ಮೂಳೆ ರಂಜಕದ ಹೊಗೆಗೆ ಕೊಳೆಯತೊಡಗಿತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಮತ್ತು ಮೇ ಕಾರ್ಖಾನೆಯ ಹುಡುಗಿಯರು ಕೆಲಸ ಬಿಟ್ಟು ಬೀದಿಗಿಳಿದ ಪ್ರಸಂಗ ಪ್ರಸಿದ್ಧವಾದುದು. ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬರ್ನ್ ನಗರದಲ್ಲಿ ಸಹಿ ಬಿದ್ದದ್ದು 1906ರಲ್ಲಿ. ಅಷ್ಟು ಹೊತ್ತಿಗೆ ಹೊಸ ಕಿಡಿಯೊಂದು ಹುಟ್ಟಿಯಾಗಿತ್ತು.

ಕಸದಿಂದ ಕಿಡಿ

ಮದುವೆಯ ಚಪ್ಪರದಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಭುಸುಗುಟ್ಟುತ್ತ ಬೆಳಗುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪವನ್ನು ನಮ್ಮಲ್ಲಿ ವಯಸ್ಸಾದವರೆಲ್ಲ ನೋಡಿದ್ದಾರೆ. ಅದರ ಬೆಳಕು ಎಣ್ಣೆಯದಲ್ಲ. ಒಳಗೆ ಕಟ್ಟಿದ ಮ್ಯಾಂಟಲ್ ಎಂಬ ಬಲೆಯ ಚೀಲದ್ದು. ಆ ಮ್ಯಾಂಟಲನ್ನು ಲೋಕಕ್ಕೆ ಕೊಟ್ಟವನು ವಿಯೆನ್ನಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಲೈಟರಿನ ಕಿಡಿಯನ್ನು ಕೊಟ್ಟವನೂ ಇವನೇ. ಈ ಎರಡಕ್ಕೂ ಇರುವ ನಂಟು ಕಾಕತಾಳೀಯವಲ್ಲ.

1858ರಲ್ಲಿ ಹುಟ್ಟಿದ ಆವರ್, ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮಹಾಶಯನ ಬಳಿ ಕಲಿತು, ಅಪರೂಪದ ಲೋಹಧಾತುಗಳನ್ನು ಒಂದರಿಂದೊಂದು ಬೇರ್ಪಡಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ. ಅದುವರೆಗೆ ಒಂದೇ ಧಾತುವೆಂದು ಎಲ್ಲರೂ ಬಗೆದಿದ್ದ ಡೈಡಿಮಿಯಂ ಎಂಬುದನ್ನು 1885ರಲ್ಲಿ ಎರಡಾಗಿ ಒಡೆದು ತೋರಿಸಿದ. 1891ರಲ್ಲಿ ಅವನ ಸುಧಾರಿಸಿದ ಮ್ಯಾಂಟಲ್ ಪೇಟೆಗೆ ಬಂದಿತು. ಅದರಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡು, ಉಳಿದ ಒಂದು ಪಾಲು ಸೀರಿಯಂ ಆಕ್ಸೈಡು. ಥೋರಿಯಂ ದೊರೆಯುವುದು ಮಾನಜೈಟ್ ಎಂಬ ಮರಳಿನಲ್ಲಿ. ತೊಂದರೆ ಇದ್ದದ್ದು ಇಲ್ಲಿಯೇ. ಮರಳಿನಲ್ಲಿ ಥೋರಿಯಂ ಸ್ವಲ್ಪ. ಸೀರಿಯಂ ಮತ್ತು ಅದರ ದಾಯಾದಿ ಲೋಹಗಳೇ ಬಹುಪಾಲು. ಬೇಕಾದುದನ್ನು ತೆಗೆದುಕೊಂಡ ಮೇಲೆ ಕಾರ್ಖಾನೆಯ ಹಿತ್ತಿಲಲ್ಲಿ ಯಾರಿಗೂ ಬೇಡದ ರಾಶಿ ಬೆಳೆಯುತ್ತಲೇ ಹೋಯಿತು.

ಈ ಕಸವನ್ನು ಏನು ಮಾಡುವುದೆಂಬ ಚಿಂತೆಯಲ್ಲಿ ಆವರ್ ಅದರ ಲೋಹವನ್ನು ಪರೀಕ್ಷಿಸುತ್ತ ಕುಳಿತ. ಸೀರಿಯಂ ಲೋಹವನ್ನು ಅರದಿಂದ ಉಜ್ಜಿದರೆ ಕಿಡಿ ಹಾರುತ್ತದೆಂಬುದು ಗೊತ್ತಿದ್ದ ಸಂಗತಿ. ಆದರೆ ಬರಿಯ ಸೀರಿಯಂ ಬಹಳ ಮೆತು. ನೂರಕ್ಕೆ 30 ಪಾಲು ಕಬ್ಬಿಣ ಬೆರೆಸಿದಾಗ ಅದು ಗಟ್ಟಿಯಾಗಿ, ಗೀರಿದಾಗಲೆಲ್ಲ ಕಿಡಿಗಳ ಮಳೆಯನ್ನೇ ಸುರಿಸಿತು. 1903ರಲ್ಲಿ ಅದಕ್ಕೆ ಪೇಟೆಂಟು ದೊರಕಿತು. ಆಸ್ಟ್ರಿಯಾದ ಟ್ರೈಬಾಖ್ ಎಂಬ ಊರಿನಲ್ಲಿ 1907ರಲ್ಲಿ ಅವನು ಸ್ಥಾಪಿಸಿದ ಕಂಪೆನಿ ಈ ಮಿಶ್ರಲೋಹವನ್ನು ಸಣ್ಣ ಸಣ್ಣ ಕಡ್ಡಿಗಳಾಗಿ ಮಾಡಿ ಲೋಕಕ್ಕೆಲ್ಲ ಹಂಚತೊಡಗಿತು. ‘ಲೈಟರಿನ ಕಲ್ಲು’ ಎಂದು ನಾವು ಕರೆಯುವುದು ಇದನ್ನೇ. ಅದು ಕಲ್ಲೇ ಅಲ್ಲ!

ಹಳೆಯ ಚಕಮಕಿಗೂ ಇದಕ್ಕೂ ಇರುವ ವ್ಯತ್ಯಾಸ ಸ್ವಾರಸ್ಯವಾದುದು. ಚಕಮಕಿಯಲ್ಲಿ ಕಲ್ಲು ಗಟ್ಟಿ; ಅದು ಉಕ್ಕನ್ನು ಕೆರೆಯುತ್ತದೆ, ಉಕ್ಕಿನ ಚೂರು ಉರಿಯುತ್ತದೆ. ಲೈಟರಿನಲ್ಲಿ ಎಲ್ಲವೂ ತಲೆಕೆಳಗು. ಹಲ್ಲಿರುವ ಉಕ್ಕಿನ ಗಾಲಿಯೇ ಮೆತುವಾದ ‘ಕಲ್ಲ’ನ್ನು ಕೆರೆಯುತ್ತದೆ. ಸೀರಿಯಮ್ಮಿಗೆ ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕಿಲ್ಲ. ಕೆರೆದಾಗಿನ ಬಿಸಿಯೇ ಸಾಕು. ಗಾಲಿಯ ಕೆಳಗೆ ಕಲ್ಲನ್ನು ಮೇಲಕ್ಕೆ ಒತ್ತುವ ಸ್ಪ್ರಿಂಗು, ಪಕ್ಕದಲ್ಲಿ ಪೆಟ್ರೋಲು ಕುಡಿದ ಹತ್ತಿಯಿಂದ ಮೇಲೆದ್ದ ಬತ್ತಿ. ಲೈಟರಿಗೆ ಬೇಕಾದುದು ಇಷ್ಟೆ.

ಈ ಕಥೆಯಲ್ಲಿ ನಮ್ಮ ನೆರೆನಾಡಿಗೂ ಒಂದು ಪಾತ್ರವಿದೆ. ಮೊದಮೊದಲು ಮಾನಜೈಟ್ ಬರುತ್ತಿದ್ದುದು ಬ್ರೆಜಿಲಿನಿಂದ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ, ತಿರುವಾಂಕೂರಿನಿಂದ ಬಂದ ತೆಂಗಿನ ನಾರಿನ ಸರಕಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಅದರ ಕಣಗಳನ್ನು ಗುರುತಿಸಿದ. ಕೂಡಲೇ ಮಣವಾಳಕುರಿಚ್ಚಿಯ ಕಡಲತೀರದಲ್ಲಿ ಮರಳು ಜರಡಿಯಾಗತೊಡಗಿತು. ಮೊದಲನೆಯ ಮಹಾಯುದ್ಧ ಬಂದಾಗ ಆ ವ್ಯಾಪಾರ ಜರ್ಮನರ ಕೈತಪ್ಪಿ ಬ್ರಿಟಿಷರ ಪಾಲಾಯಿತು. ಸ್ವತಂತ್ರ ಭಾರತ ಆ ಮರಳನ್ನು ತಾನೇ ಸಂಸ್ಕರಿಸಲು ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯನ್ನು 1950ರಲ್ಲಿ ಸ್ಥಾಪಿಸಿತು. ಆಲುವಾಯಿಯ ಕಾರ್ಖಾನೆ 1952ರಲ್ಲಿ ಆರಂಭವಾಯಿತು.

ಆವರ್ 1901ರಲ್ಲಿ ಬ್ಯಾರನ್ ಪದವಿ ಪಡೆದಾಗ ತನ್ನ ಲಾಂಛನಕ್ಕೆ ಆರಿಸಿಕೊಂಡ ಲ್ಯಾಟಿನ್ ಮಾತಿನ ಅರ್ಥ ‘ಇನ್ನಷ್ಟು ಬೆಳಕು’. ವಿದ್ಯುದ್ದೀಪಕ್ಕೆ ಲೋಹದ ತಂತಿಯನ್ನು ಹೊಂದಿಸಿದ ಮೊದಲಿಗರಲ್ಲಿಯೂ ಅವನು ಒಬ್ಬ. 1929ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅವನ ಕಿಡಿ ಲೋಕದ ಎಲ್ಲ ಕಿಸೆಗಳನ್ನೂ ಸೇರಿತ್ತು. ಟ್ರೈಬಾಖಿನ ಉದ್ಯಮ ಇಂದಿಗೂ ಇದೆ. ಪಕ್ಕದ ಆಲ್ಟ್‌ಹೋಫೆನ್ನಿನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವೂ ಇದೆ.

ಕಂದಕದಿಂದ ದಿವಾನಖಾನೆಗೆ

ಲೈಟರನ್ನು ಜನರ ವಸ್ತುವಾಗಿ ಮಾಡಿದ್ದು ಯುದ್ಧ. 1914ರಿಂದ 1918ರವರೆಗೆ ಕಂದಕಗಳಲ್ಲಿ ಕೊಳೆಯುತ್ತ ಕುಳಿತ ಸೈನಿಕರಿಗೆ ರಾತ್ರಿಯ ಬೆಂಕಿಕಡ್ಡಿ ಮೃತ್ಯುವಿಗೆ ಕೊಟ್ಟ ಕರೆಯೋಲೆಯಾಗಿತ್ತು. ಒಂದೇ ಕಡ್ಡಿಯಿಂದ ಮೂವರು ಸಿಗರೇಟು ಹೊತ್ತಿಸಬಾರದೆಂಬ ನಂಬಿಕೆಯೊಂದು ಅವರಲ್ಲಿ ಹರಡಿತ್ತು. ಮೊದಲನೆಯವನಿಗೆ ಹೊತ್ತಿಸಿದಾಗ ಶತ್ರು ನೋಡುತ್ತಾನೆ, ಎರಡನೆಯವನಿಗೆ ಗುರಿ ಹಿಡಿಯುತ್ತಾನೆ, ಮೂರನೆಯವನಿಗೆ ಗುಂಡು ಹಾರಿಸುತ್ತಾನೆ! ಅವರು ಖಾಲಿ ತೋಟಾಗಳಿಗೆ ಗಾಲಿಯನ್ನೂ ಆವರನ ಕಲ್ಲನ್ನೂ ಜೋಡಿಸಿ ತಾವೇ ಲೈಟರುಗಳನ್ನು ಮಾಡಿಕೊಂಡರು. ಜ್ವಾಲೆಯೇ ಇಲ್ಲದೆ, ಹತ್ತಿಯ ಹಗ್ಗ ಮಾತ್ರ ಕೆಂಡವಾಗಿ ಹೊಗೆಯಾಡುವ ಲೈಟರುಗಳೂ ಇದ್ದುವು. ಗಾಳಿ ಬೀಸಿದಷ್ಟೂ ಆ ಕೆಂಡ ನಿಗಿನಿಗಿ ಎನ್ನುತ್ತಿತ್ತು.

ಯುದ್ಧ ಮುಗಿದ ಮೇಲೆ ವಿಯೆನ್ನಾದ ಇಮ್ಕೊ ಎಂಬ ಗುಂಡಿ ತಯಾರಿಸುವ ಕಂಪೆನಿ ಈ ತೋಟಾಗಳಿಂದಲೇ ಲೈಟರಿನ ವ್ಯಾಪಾರ ಹೂಡಿತು, 2012ರವರೆಗೂ ಬಾಳಿತು. ಅಮೆರಿಕದ ನ್ಯೂವರ್ಕಿನಲ್ಲಿ ಲೂಯಿ ಆರನ್‌ಸನ್ 1926ರಲ್ಲಿ ‘ಬ್ಯಾಂಜೊ’ ಎಂಬ ರಾನ್ಸನ್ ಲೈಟರನ್ನು ತಂದ. ಗುಂಡಿಯನ್ನು ಅದುಮಿದರೆ ಹೊತ್ತುವುದು, ಬಿಟ್ಟರೆ ಆರುವುದು. ಲಂಡನ್ನಿನಲ್ಲಿ ವೈಸ್ ಮತ್ತು ಗ್ರೀನ್‌ವುಡ್ ಎಂಬಿಬ್ಬರು ಒಂದೇ ಕೈಯಿಂದ ಹೊತ್ತಿಸಬಲ್ಲ ಲೈಟರಿನ ಮೊದಲ ಮಾದರಿಯನ್ನು ಸಾಸಿವೆ ಪುಡಿಯ ತಗಡಿನ ಡಬ್ಬಿಯಲ್ಲಿ ರಚಿಸಿದರು. ಅದೇ ಚಿನ್ನ ಬೆಳ್ಳಿಗಳ ಉಡುಪು ತೊಟ್ಟು ಡನ್‌ಹಿಲ್ ಅಂಗಡಿಯ ‘ಯೂನಿಕ್’ ಆಯಿತು. ಸಂಗೀತದ ಪೆಟ್ಟಿಗೆಗಳಿಗೂ ಗ್ರಾಮಫೋನುಗಳಿಗೂ ಹೆಸರಾಗಿದ್ದ ಸ್ವಿಟ್ಜರ್ಲೆಂಡಿನ ಥೋರೆನ್ಸ್ ಕೂಡ ಲೈಟರು ಮಾಡಿತು. ಫ್ರಾನ್ಸಿನ ದ್ಯುಪಾಂ ಪೆಟ್ಟಿಗೆ ಕಾರ್ಖಾನೆ ಈ ಕಡೆ ಹೊರಳಿದ್ದಕ್ಕೆ ಪಟಿಯಾಲೆಯ ಮಹಾರಾಜರು 1941ರಲ್ಲಿ ಕೊಟ್ಟ ಬೇಡಿಕೆಯೇ ಕಾರಣವೆಂದು ಆ ಕಂಪೆನಿಯವರು ಹೇಳಿಕೊಳ್ಳುತ್ತಾರೆ. ನೂರು ಕೈಚೀಲಗಳು, ಪ್ರತಿಯೊಂದರಲ್ಲೂ ಒಂದು ಚಿನ್ನದ ಲೈಟರು!

ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ಜಿಪ್ಪೊ. ಅದು ಚೆಲುವಿನ ಹಂಗಿಲ್ಲದ ವಸ್ತು. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡಿನಲ್ಲಿ ಜಾರ್ಜ್ ಬ್ಲೇಸ್‌ಡೆಲ್ ಎಂಬಾತ ತನ್ನ ಗೆಳೆಯನೊಬ್ಬ ಒಡ್ಡೊಡ್ಡಾದ ಆಸ್ಟ್ರಿಯನ್ ಲೈಟರನ್ನು ಹಿಡಿದಿದ್ದುದನ್ನು ಕಂಡು ಗೇಲಿ ಮಾಡಿದನಂತೆ. ನೋಟ ಹೇಗಾದರೂ ಇರಲಿ, ಹೊತ್ತುತ್ತದಲ್ಲ, ಎಂದು ಗೆಳೆಯ ಉತ್ತರಿಸಿದ. ಬತ್ತಿಯ ಸುತ್ತ ತೂತುಗಳಿರುವ ಗಾಳಿಮರೆಯನ್ನು ಉಳಿಸಿಕೊಂಡು, ಮುಚ್ಚಳಕ್ಕೆ ತಿರುಗಣಿ ಜೋಡಿಸಿ, 1933ರಲ್ಲಿ ಬ್ಲೇಸ್‌ಡೆಲ್ ತನ್ನದನ್ನು 1 ಡಾಲರು 95 ಸೆಂಟಿಗೆ ಮಾರಿದ. ಕೆಟ್ಟರೆ ಎಷ್ಟು ವರ್ಷದ ಮೇಲಾದರೂ ಸರಿ, ಕಾಸಿಲ್ಲದೆ ದುರಸ್ತಿ ಮಾಡಿಕೊಡುವೆನೆಂದು ಮಾತು ಕೊಟ್ಟ. ಆ ಮಾತನ್ನು ಕಂಪೆನಿ ಈಗಲೂ ನಡೆಸುತ್ತಿದೆ.

ಲೈಟರು ಹೀಗೆ ಹಬ್ಬಿದುದು ಎಲ್ಲರಿಗೂ ಹಿತವಾಗಲಿಲ್ಲ. ಕಡ್ಡಿಪೆಟ್ಟಿಗೆಯ ಮೇಲಿನ ತೆರಿಗೆ ಸರಕಾರಗಳಿಗೆ ಒಳ್ಳೆಯ ಹಾಲು ಕರೆಯುವ ಹಸು. ಫ್ರಾನ್ಸ್, ಇಟಲಿಗಳು ಲೈಟರುಗಳಿಗೂ ತೆರಿಗೆಯ ಮುದ್ರೆ ಒತ್ತಿದುವು. ಪೋರ್ಚುಗಲ್ ಇನ್ನೂ ಮುಂದೆ ಹೋಯಿತು. ಅಲ್ಲಿ 1937ರಿಂದ 1970ರವರೆಗೆ ಬೀದಿಯಲ್ಲಿ ಲೈಟರು ಬಳಸುವವನ ಬಳಿ ಪರವಾನಗಿ ಚೀಟಿ ಇರಬೇಕಾಗಿತ್ತು, ಇಲ್ಲದಿದ್ದರೆ ದಂಡ. ನಗಬೇಡಿ. ಶಿವಕಾಶಿ, ಕೋವಿಲ್‌ಪಟ್ಟಿಗಳ ಕಡ್ಡಿಪೆಟ್ಟಿಗೆ ತಯಾರಕರ ಮೊರೆ ಕೇಳಿ, 20 ರೂಪಾಯಿಗಿಂತ ಅಗ್ಗದ ವಿದೇಶೀ ಲೈಟರುಗಳ ಆಮದನ್ನು ನಮ್ಮ ಸರಕಾರ 2023ರ ಜೂನಿನಲ್ಲಿ ನಿಷೇಧಿಸಿತು. ಕಡ್ಡಿಗೆ ಮದ್ದು ಮೆತ್ತಿ ಹೊಟ್ಟೆ ಹೊರೆಯುವವರಲ್ಲಿ ಹೆಚ್ಚಿನವರು ಅಲ್ಲಿಯೂ ಹೆಂಗಸರೇ.

ಮಹಾಯುದ್ಧದ ತರುವಾಯ ಫ್ರಾನ್ಸಿನ ಫ್ಲಾಮಿನೇರ್ ಲೈಟರು ಪೆಟ್ರೋಲನ್ನು ಬಿಟ್ಟು ಬ್ಯುಟೇನ್ ಅನಿಲವನ್ನು ಹಿಡಿಯಿತು. 1973ರಲ್ಲಿ ಬಿಕ್ ಕಂಪೆನಿಯ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೈಟರು ಬಂದ ಮೇಲೆ ದುರಸ್ತಿಯ ಮಾತೇ ಹಳತಾಯಿತು. ನಮ್ಮ ಅಡಿಗೆಮನೆಯ ‘ಟಕ್’ ಎನ್ನುವ ಗ್ಯಾಸ್ ಲೈಟರಿನಲ್ಲಿ ಆವರನ ಕಲ್ಲೂ ಇಲ್ಲ; ಪುಟ್ಟ ಸುತ್ತಿಗೆಯೊಂದು ಹರಳಿಗೆ ಬಡಿದಾಗ ಹುಟ್ಟುವ ವಿದ್ಯುತ್ತೇ ಕಿಡಿ. ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದ ತತ್ತ್ವ ಅದು.

ಅಟ್ಟದ ಟ್ರಂಕಿನಲ್ಲಿ ತಾತನ ಕಾಲದ ಲೈಟರೊಂದು ಸಿಕ್ಕವರಿಗೆ ಒಂದೆರಡು ಸೂಚನೆ. ಜಿಪ್ಪೊ ಆಗಿದ್ದರೆ ತಳವನ್ನು ನೋಡಿ. 1950ರ ದಶಕದ ನಡುವಿನಿಂದೀಚೆಗೆ ಅಲ್ಲಿ ತಯಾರಾದ ವರ್ಷದ ಗುರುತಿರುತ್ತದೆ. ಗಾಲಿ ತಿರುಗದಿದ್ದರೆ ಬಲ ಪ್ರಯೋಗಿಸಬೇಡಿ. ಹಳೆಯ ಕಲ್ಲು ತೇವಕ್ಕೆ ಉಬ್ಬಿ, ಪುಡಿಯಾಗಿ, ಕೊಳವೆಯಲ್ಲಿ ಕಚ್ಚಿಕೊಂಡಿರುತ್ತದೆ. ಕೆಟ್ಟಂತೆ ತೋರುವ ಲೈಟರುಗಳಲ್ಲಿ ಬಹಳಷ್ಟಕ್ಕೆ ಇದೇ ರೋಗ. ಕೆಳಗಿನ ತಿರುಪನ್ನು ಬಿಚ್ಚಿ, ಸ್ಪ್ರಿಂಗನ್ನು ತೆಗೆದು, ಸಣ್ಣ ಬೈರಿಗೆಯನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ ಆ ಪುಡಿಯನ್ನು ಕೆರೆದು ಹಾಕಿ. ಹೊಸ ಕಲ್ಲು ಕೆಲವು ರೂಪಾಯಿಗಳಿಗೆ ದೊರೆಯುತ್ತದೆ. ಒಳಗಿನ ಹತ್ತಿಗೆ ಕಾರಿನ ಪೆಟ್ರೋಲು ಬೇಡ, ಲೈಟರಿಗೆಂದೇ ಮಾರುವ ದ್ರವವನ್ನು ಹನಿಹನಿಯಾಗಿ ಉಣಿಸಿ. ಗಾಲಿಯ ಮೇಲೆ ಹೆಬ್ಬೆರಳಿಡುವ ಮೊದಲು ಕೈಗೆ ಸೋಕಿದ್ದನ್ನು ಚೆನ್ನಾಗಿ ಒರೆಸಿಕೊಳ್ಳಿ.