ಹೊಗೆಯೂ ಇಲ್ಲ, ಎಳೆತವೂ ಇಲ್ಲ: ಹಳೇ ಲಾರಿಯ ರೋಗ ಹುಡುಕುವ ಬಗೆ

ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಒಂದು ಹಳೇ ಲಾರಿಯ ದುಡಿಮೆಯಿಂದ. ಭದ್ರಾವತಿಯಲ್ಲಿರುವ ನಮ್ಮ ಭಾವನದ್ದೂ ಅಂಥದ್ದೇ ಮನೆ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಎರಡೂ ಭರದಲ್ಲಿದ್ದಾಗ ಊರಲ್ಲಿ ಲೋಡಿಗೆ ಬರವಿರಲಿಲ್ಲ. ಈಗ ಸಿಕ್ಕ ಬಾಡಿಗೆ ಬಿಡುವಂತಿಲ್ಲ. ಹಾಗಿರುವಾಗ ಮಂಗಳೂರಿನಿಂದ ಲೋಡು ತರುತ್ತಿದ್ದ ಭಾವನ ಲಾರಿ ಹುಲಿಕಲ್ ಘಾಟಿಯಲ್ಲಿ ಸುಸ್ತಾಯಿತು. ಖಾಲಿ ಇದ್ದರೆ ಓಡುತ್ತದೆ, ಲೋಡು ಹಾಕಿ ಏರು ಹತ್ತಿದರೆ ಎಳೆಯುವುದಿಲ್ಲ.

ಮೊದಲು ತೋರಿಸಿದ ಕಡೆ "ಎಂಜಿನ್ ಇಳಿಸಬೇಕು, ಪಿಸ್ಟನ್, ಲೈನರ್ ಎಲ್ಲಾ ಹೋಗಿದೆ" ಅಂದರು. ಅಕ್ಕನ ಬಳೆ ಅಡವಿಡುವ ಮಾತಾಯಿತು. ಇನ್ನೊಬ್ಬರಿಗೆ ತೋರಿಸೋಣ ಎಂದು ನಾವೇ ಜೊತೆಗೆ ಹೊರಟು, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆವು.

ಅವರು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ: "ಏರಲ್ಲಿ ಹೊಗೆ ಎಂಥ ಬಣ್ಣ?"

"ಹೊಗೆಯೇ ಇಲ್ಲ ಕಾಕ."

"ಹಾಗಾದ್ರೆ ಎಂಜಿನ್ ಬಿಚ್ಚೋದು ಬೇಡ. ಉಸ್ತಾದರೇ, ನೀವೂ ಕೇಳಿಸಿಕೊಳ್ಳಿ."

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. 1 ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆ.ಜಿ. ಗಾಳಿ ಬೇಕು. ಗಾಳಿ ಸಾಲದಿದ್ದರೆ ಕಪ್ಪು ಹೊಗೆ: ಏರ್ ಕ್ಲೀನರ್ ನೋಡಿ, ಸರಿಯಿದ್ದರೆ ನಾಜಲ್, ಪಂಪು ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಒಳಗೆ ನೀರು ಸೇರುತ್ತಿದೆ. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಎಂದರೆ ಮೊದಲ ಅನುಮಾನ ಡೀಸೆಲ್ ಸಾಕಷ್ಟು ಬರುತ್ತಿಲ್ಲ ಎಂಬುದರ ಮೇಲೆ.

ಆದರೂ ಅವರು ಒಂದೊಂದೇ ನೋಡಿದರು. ಆಕ್ಸಿಲರೇಟರ್ ತುಳಿದಾಗ ಪಂಪಿನ ಲಿವರ್ ಪೂರ್ತಿ ತಿರುಗುತ್ತದೆಯೇ? ಕ್ಲಚ್ ಜಾರುತ್ತಿದೆಯೇ? ಯಾವುದಾದರೂ ಬ್ರೇಕ್ ಡ್ರಮ್ ಬಿಸಿಯಾಗಿದೆಯೇ? ಬ್ರೇಕ್ ಹಿಡಿದುಕೊಂಡ ಲಾರಿಗೆ ಎಂಜಿನ್ ರಿಪೇರಿ ಮಾಡಿಸಿದವರೂ ಇದ್ದಾರಂತೆ! ಎಂಜಿನ್ ಓಡುವಾಗ ಆಯಿಲ್ ಕ್ಯಾಪ್ ತೆಗೆದರು. ರಿಂಗ್ ಸವೆದಿದ್ದರೆ ಅಲ್ಲಿಂದ ಬುಸುಬುಸು ಹೊಗೆ ನುಗ್ಗಬೇಕಿತ್ತು. ಅಂಥದ್ದೇನೂ ಬರಲಿಲ್ಲ. ಡೀಸೆಲ್ ಫಿಲ್ಟರ್ ಆಗಲೇ ಹೊಸದು ಹಾಕಿಸಿತ್ತು.

ಕೊನೆಗೆ 20 ಲೀಟರ್ ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ತುಂಬಿಸಿ, ಕ್ಯಾಬಿನ್ ಹೊರಗೆ ಭದ್ರವಾಗಿ ಕಟ್ಟಿ, ಟ್ಯಾಂಕಿನ ಲೈನ್ ಬಿಟ್ಟು ಕ್ಯಾನ್‌ನಿಂದಲೇ ಪೈಪ್ ಕೊಟ್ಟರು. ರಿಟರ್ನ್ ಪೈಪನ್ನೂ ಅದಕ್ಕೇ ಬಿಟ್ಟರು. ಲೋಡಿನ ಸಮೇತ ಭದ್ರಾವತಿ ದಾರಿ ಹಿಡಿದೆವು. ಲಾರಿ ಹಳೇ ಹುರುಪಿನಲ್ಲಿ ಎಳೆಯಿತು. ಭಾವನ ಮುಖ ನೋಡಬೇಕಿತ್ತು.

ಅಂದರೆ ಪಂಪು, ನಾಜಲ್, ಪಿಸ್ಟನ್ ಯಾವುದೂ ಕೆಟ್ಟಿರಲಿಲ್ಲ. ಟ್ಯಾಂಕ್ ಇಳಿಸಿದಾಗ ಗುಟ್ಟು ಸಿಕ್ಕಿತು. ತಳದ ಕೆಸರು ಡೀಸೆಲ್ ಎಳೆಯುವ ಕೊಳವೆಯ ಜಾಲರಿಗೆ ಮೆತ್ತಿಕೊಂಡಿತ್ತು. ಖಾಲಿ ಓಡುವಾಗ ಬರುವಷ್ಟು ಡೀಸೆಲ್ ಸಾಕಾಗುತ್ತಿತ್ತು, ಏರಿನಲ್ಲಿ ಸಾಲುತ್ತಿರಲಿಲ್ಲ. ಟ್ಯಾಂಕ್ ತೊಳೆಸಿ, ಸೀಳು ಬಿಟ್ಟಿದ್ದ ರಬ್ಬರ್ ಪೈಪ್ ಬದಲಿಸಿ, ಲೈನಿನ ಗಾಳಿ ತೆಗೆಸಿದ್ದಾಯಿತು.

ಲಾರಿ ಇರುವ ಮನೆಯವರಿಗೆ ನಾವು ಹೇಳುವುದಿಷ್ಟೇ: ಎಂಜಿನ್ ಬಿಚ್ಚಲು ಒಪ್ಪುವ ಮೊದಲು ಹೊಗೆಯ ಬಣ್ಣ ನೋಡಿ, ಆಯಿಲ್ ಕ್ಯಾಪ್ ತೆಗೆಸಿ, ಕ್ಯಾನ್ ಕಟ್ಟಿಸಿ ಓಡಿಸಿ ನೋಡಿ. ಅರ್ಧ ದಿನದ ಕೆಲಸ. ನಮ್ಮ ಅಕ್ಕನ ಬಳೆ ಅಕ್ಕನ ಕೈಯಲ್ಲೇ ಇದೆ.